ಪರದೇಶದಲ್ಲಿ ಗೆಳೆಯರಿಗೆ ಕಡುಬಿನ ತಿಂಡಿ: ಸೂಟ್‌ಕೇಸಿನಿಂದ ಸೋಮವಾರದ ಒಗ್ಗರಣೆಯವರೆಗೆ

ಅಕ್ಕನ ಮಗಳು ಓದಲು ಜರ್ಮನಿಯ ಮ್ಯೂನಿಕ್‌ಗೆ ಹೊರಟಿದ್ದಾಳೆ. ಮೊನ್ನೆ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದವಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದಳು: "ಮಾವ, ಅಲ್ಲಿ ಫ್ರೆಂಡ್ಸನ್ನ ತಿಂಡಿಗೆ ಕರೆದರೆ ಏನು ಮಾಡ್ಲಿ? ದೋಸೆ ಮಾಡ್ಲಾ?"

ಬೇಡ ಅಂದೆ. ಅದೇ ಊರಲ್ಲಿ ಐದು ವರ್ಷ ಇದ್ದವನು ನಾನು. ಮೊದಲ ಸಲ ಗೆಳೆಯರನ್ನು ಕರೆದಾಗ ನಾನೂ ದೋಸೆಗೇ ಕೈ ಹಾಕಿದ್ದೆ. ನವೆಂಬರ್ ತಿಂಗಳು. ರಾತ್ರಿಯಿಡೀ ಇಟ್ಟರೂ ಹಿಟ್ಟು ಹುಳಿ ಬರಲಿಲ್ಲ. ಒಂದೊಂದೇ ದೋಸೆ ಹುಯ್ದು ಏಳು ಜನಕ್ಕೆ ಬಡಿಸುವಷ್ಟರಲ್ಲಿ ಮೊದಲು ತಿಂದವನು ಕೈ ತೊಳೆದು ಕೂತಿದ್ದ. ಮಧ್ಯದಲ್ಲಿ ಹೊಗೆ ಅಲಾರಂ ಕಿರುಚಿಕೊಂಡಿತು. ಒಬ್ಬ ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸಿದ. ಎಲ್ಲರೂ ಹೋದ ಮೇಲೆ ನಾನೊಬ್ಬನೇ ನಿಂತುಕೊಂಡು ಉಳಿದೆರಡು ದೋಸೆ ತಿಂದೆ. ನಮ್ಮ ಮನೆಗಳಲ್ಲಿ ಅಮ್ಮಂದಿರು ಹೀಗೇ ತಿನ್ನುತ್ತಾರಲ್ವಾ, ಕಾವಲಿ ಇಳಿಸಿದ ಮೇಲೆ, ತಣ್ಣಗಾದದ್ದನ್ನ. ಅದು ಗೊತ್ತಾಗಲು ಅಷ್ಟು ದೂರ ಹೋಗಬೇಕಾಯಿತು.

ಆಮೇಲೆ ನನಗೊಂದು ಲೆಕ್ಕ ಸಿಕ್ಕಿತು. ಬಾಗಿಲ ಗಂಟೆ ಬಾರಿಸುವ ಮೊದಲೇ ಮುಗಿಯುವ ತಿಂಡಿಯನ್ನೇ ಮಾಡಬೇಕು. ಕರೆದವನಿಗೆ ಜೊತೆಯಲ್ಲಿ ಕೂರಲು ಆಗಬೇಕು. ನಮ್ಮ ಮಲೆನಾಡಿನಲ್ಲಿ ಅಂಥ ತಿಂಡಿ ಒಂದಿದೆ: ತರಿ ಕಡುಬು, ಅಂದರೆ ಒಡೆದ ಅಕ್ಕಿಯ ಉಂಡೆ ಕಟ್ಟಿ ಆವಿಯಲ್ಲಿ ಬೇಯಿಸಿದ್ದು. ಹುಳಿ ಬರಿಸುವುದು ಬೇಡ, ಹೊಗೆ ಏಳುವುದಿಲ್ಲ. ಹತ್ತು ಹದಿನೈದು ಒಟ್ಟಿಗೆ ಬೇಯುತ್ತವೆ. ಬಿಸಿಯಾಗಿಯೂ ಕೂರುತ್ತವೆ. ಅಕ್ಕಿ ರೊಟ್ಟಿ ಚೆನ್ನ ನಿಜ. ಆದರೆ ಉಕ್ಕರಿಸಿದ ರೊಟ್ಟಿ ಉಬ್ಬಲು ಉರಿ ಬೇಕು. ಅಲ್ಲಿನ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಉರಿ ಇಲ್ಲದ, ಕರೆಂಟಿನ ಗಾಜಿನ ಒಲೆ.

ಎಂಟು ಜನಕ್ಕೆ, ಭಾನುವಾರ ಬೆಳಗ್ಗೆ 10 ಗಂಟೆಗೆ ತಿಂಡಿ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೇರೆ ದೇಶದಲ್ಲಿದ್ದರೆ ಅಂಗಡಿ, ಕಾನೂನು ಬೇರೆ ಇರುತ್ತದೆ. ಕಡುಬು ಅದೇ.

ಊರಿಂದ ಏನು ಒಯ್ಯಬೇಕು, ಏನು ಬಿಡಬೇಕು

ತುಪ್ಪದ ಡಬ್ಬಿಯನ್ನು ಮೊದಲು ಸೂಟ್‌ಕೇಸಿನಿಂದ ತೆಗೆಯಿರಿ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ನಮ್ಮಂಥ ಹೊರಗಿನವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಕೋವಾ, ಪೇಡಾ ಎಲ್ಲ ಇದರಲ್ಲೇ ಬರುತ್ತವೆ. ಅಮ್ಮ ಅಳುಮುಖ ಮಾಡುತ್ತಾರೆ, ನಿಜ. ಆದರೆ ಅಲ್ಲಿ ಒಳ್ಳೆ ಬೆಣ್ಣೆ ಸಿಗುತ್ತದೆ. ಉಪ್ಪು ಹಾಕದ ಬೆಣ್ಣೆಯ 250 ಗ್ರಾಂ ಕಟ್ಟು ತಂದು ಕಾಯಿಸಿದರೆ ಹತ್ತಿರ ಹತ್ತಿರ 200 ಗ್ರಾಂ ತುಪ್ಪ ಬರುತ್ತದೆ.

ಹಸಿ ಕರಿಬೇವನ್ನೂ ಒಯ್ಯಬೇಡಿ. ಹಸಿ ಸೊಪ್ಪು, ತರಕಾರಿ, ಹಣ್ಣಿಗೆಲ್ಲ ಗಿಡದ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ವಿನಾಯಿತಿ ಇರುವುದು ಐದಕ್ಕೆ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್. ತೆಂಗಿನಕಾಯಿ ಬಿಡುತ್ತಾರೆ ಅಂತ ಹೊತ್ತುಕೊಂಡು ಹೋಗುವುದೂ ಬೇಡ, ಅಲ್ಲೇ ಸಿಗುತ್ತದೆ.

ಕಾಫಿ ಪುಡಿ ಖಂಡಿತ ಒಯ್ಯಿರಿ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಕಣ್ಣೆದುರೇ ಪುಡಿ ಮಾಡಿಕೊಡುತ್ತಾರೆ. ಹೊರಡುವ ಹಿಂದಿನ ದಿನ ತಗೊಳ್ಳಿ. ಅರ್ಧ ಕೆಜಿ ಸಾಕು. ಎರಡು ಕೆಜಿ ಒಯ್ದರೆ ಕೊನೆಯ ಒಂದೂವರೆ ಕೆಜಿಯಲ್ಲಿ ಘಮ ಇರುವುದಿಲ್ಲ, ಬಣ್ಣ ಮಾತ್ರ ಇರುತ್ತದೆ. ಚಿಕೋರಿ ಎಷ್ಟು ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ನೂರಕ್ಕೆ ಇಪ್ಪತ್ತು. ಚಿಕೋರಿ ಬೇಡವೇ ಬೇಡ ಅನ್ನುವವರು ಇದ್ದಾರೆ. ಅವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ.

ಒಂದು ಸ್ಟೀಲ್ ಫಿಲ್ಟರ್, ನಾಲ್ಕು ಲೋಟ, ಹುಣಸೆಹಣ್ಣು, ಇಂಗು, ಚಟ್ನಿಪುಡಿ. ಮಿಲ್ಲಿನಲ್ಲಿ ಒಡೆಸಿದ ಅಕ್ಕಿ ತರಿ ಒಂದು ಕೆಜಿ, ಮೊದಲ ಸಲದ ಧೈರ್ಯಕ್ಕೆ.

ಮಿಕ್ಸಿ ಒಯ್ಯಬಹುದು. ಜರ್ಮನಿಯಲ್ಲೂ ಕರೆಂಟು ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಒಂದಿದ್ದರೆ ಆಯಿತು. ಅಮೆರಿಕಕ್ಕೆ ಹೋಗುವವರು ಮಾತ್ರ ಒಯ್ಯಬೇಡಿ. ಅಲ್ಲಿ 120 ವೋಲ್ಟ್, ನಮ್ಮ ಮಿಕ್ಸಿ ಮುಲುಗುತ್ತದೆ ಅಷ್ಟೇ.

ಇಡ್ಲಿ ಪಾತ್ರೆ ಕೊಳ್ಳುವಾಗ ಜೇಬಿನಲ್ಲಿ ಫ್ರಿಜ್ಜಿನ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ ಒಲೆಗೂ ಆಗುತ್ತದೆ. ಅಲ್ಯೂಮಿನಿಯಂ ಆಗುವುದಿಲ್ಲ. ಇಂಡಕ್ಷನ್ ಅಲ್ಲದ ಗಾಜಿನ ಒಲೆಯಾದರೆ ಯಾವ ಲೋಹವಾದರೂ ನಡೆಯುತ್ತದೆ, ತಳ ಚಪ್ಪಟೆ ಇರಬೇಕು ಅಷ್ಟೇ. ಪಾತ್ರೆ ಒಯ್ಯಲು ಜಾಗ ಇಲ್ಲವಾ? ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಬಿದಿರಿನ ಆವಿ ತಟ್ಟೆ ಸಿಗುತ್ತದೆ. ಅದಕ್ಕೆ ಒದ್ದೆ ಬಟ್ಟೆ ಹಾಸಿ ದೊಡ್ಡ ಪಾತ್ರೆ ಮೇಲೆ ಕೂರಿಸಿದರೆ ಕಡುಬಿಗೆ ಇಡ್ಲಿ ಪಾತ್ರೆಗಿಂತ ಒಂದು ಕೈ ಮೇಲೆ.

ಕರೆಯುವಾಗಲೇ ಕೇಳಬೇಕಾದದ್ದು

ನಮ್ಮ ಕಡೆ ಕರೆಯುವುದೆಂದರೆ "ಭಾನುವಾರ ತಿಂಡಿಗೆ ಬನ್ರೋ" ಅಷ್ಟೇ. ಅಲ್ಲಿ ಇನ್ನೂ ಒಂದು ಪ್ರಶ್ನೆ ಬೇಕು: "ಯಾವುದಾದರೂ ತಿಂದರೆ ಆಗುವುದಿಲ್ಲವಾ?" ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೇಳದಿದ್ದರೆ ಕಷ್ಟ.

ಯುರೋಪಿನ ಆಹಾರದ ಕಾನೂನಿನಲ್ಲಿ ಅಲರ್ಜಿ ತರುವ 14 ಬಗೆಯ ಪದಾರ್ಥಗಳ ಪಟ್ಟಿ ಇದೆ. ಕಡಲೆಕಾಯಿ, ಹಾಲು, ಗೋಧಿ, ಗೋಡಂಬಿಯಂಥ ಬೀಜಗಳು ಇರುವುದು ಊಹಿಸಬಹುದು. ಅದರಲ್ಲಿ ಸಾಸಿವೆಯೂ ಇದೆ! ಎಳ್ಳೂ ಇದೆ. ನಾವು ಸಾಸಿವೆಯನ್ನು ಪದಾರ್ಥ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ, ಒಗ್ಗರಣೆ ಅಂದರೆ ಅದು ಇದ್ದೇ ಇರುತ್ತದೆ. ಅದಕ್ಕೇ ನಾನು ಒಗ್ಗರಣೆಯನ್ನು ಚಟ್ನಿಗೆ ಸುರಿಯುವುದಿಲ್ಲ. ಸಣ್ಣ ಬಟ್ಟಲಲ್ಲಿ ಬೇರೆ ಇಡುತ್ತೇನೆ, ಬೇಕಾದವರು ಹಾಕಿಕೊಳ್ಳುತ್ತಾರೆ.

ಇಂಗಿನ ಕಥೆ ಇನ್ನೂ ಸೂಕ್ಷ್ಮ. ಗೋಧಿ ಆಗದ ಗೆಳತಿಯೊಬ್ಬಳಿಗೆ "ಎಲ್ಲ ಅಕ್ಕಿಯದ್ದೇ, ಧೈರ್ಯವಾಗಿ ತಿನ್ನು" ಅಂದಿದ್ದೆ. ಅವಳು ಅಡುಗೆಮನೆಗೆ ಬಂದು ಒಂದೊಂದೇ ಡಬ್ಬಿ ತಿರುಗಿಸಿ ಓದಿದಳು. ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು! ನಮ್ಮಲ್ಲಿ ಸಿಗುವ ಇಂಗಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ಅವತ್ತು ಒಗ್ಗರಣೆ ಮತ್ತೆ ಮಾಡಿದೆ. ಅವಳು ಓದದಿದ್ದರೆ ಏನಾಗುತ್ತಿತ್ತೋ.

ಹಾಲು, ಬೆಣ್ಣೆ, ತುಪ್ಪ ಏನೂ ಮುಟ್ಟದ ವೀಗನ್ ಗೆಳೆಯರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಕಡುಬು, ಚಟ್ನಿ, ಸಾಗು ಎಲ್ಲ ಅವರಿಗೆ ಆಗುತ್ತದೆ. ತುಪ್ಪವನ್ನು ಹಿಟ್ಟಿಗೆ ಸೇರಿಸಬೇಡಿ, ಮೇಜಿನ ಮೇಲೆ ಇಡಿ. ಮುಸ್ಲಿಂ ಗೆಳೆಯರಿದ್ದರೆ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಿ. ರಂಜಾನ್ ತಿಂಗಳಲ್ಲಿ ಬೆಳಗಿನ ತಿಂಡಿಗೆ ಕರೆದು ನಾನು ನಾಲಿಗೆ ಕಚ್ಚಿಕೊಂಡದ್ದುಂಟು.

"ಏನು ತರಲಿ?" ಅಂತ ಅವರು ಕೇಳೇ ಕೇಳುತ್ತಾರೆ. "ಏನೂ ಬೇಡ, ನೀವು ಬಂದರೆ ಸಾಕು" ಅನ್ನಬೇಡಿ. ಅದು ನಮ್ಮ ಮರ್ಯಾದೆಯ ಮಾತು. ಅವರಿಗೆ ಮುಜುಗರ, ಕೊನೆಗೆ ಮೂರು ಜನ ಮೂರು ಕೇಕ್ ತರುತ್ತಾರೆ. ಹಣ್ಣು, ಜ್ಯೂಸ್ ಅಂತ ಹೇಳಿಬಿಡಿ. ಕುರ್ಚಿ ಸಾಲದಿದ್ದರೆ ಅದನ್ನೂ ಹೇಳಿ. ವಿದ್ಯಾರ್ಥಿಗಳ ನಡುವೆ ಮಡಿಸುವ ಕುರ್ಚಿ ಹೊತ್ತುಕೊಂಡು ಬರುವುದರಲ್ಲಿ ಯಾವ ಸಂಕೋಚವೂ ಇಲ್ಲ.

ಶನಿವಾರ: ಅಂಗಡಿ, ರುಬ್ಬುವುದು

ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಕೊತ್ತಂಬರಿ ಮರೆತರೆ ಮರೆತ ಹಾಗೇ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಶನಿವಾರ ರಾತ್ರಿ 8ಕ್ಕೇ ಬಾಗಿಲು ಎಳೆಯುತ್ತಾರೆ. ಅದಕ್ಕೆ ಮಧ್ಯಾಹ್ನವೇ ಹೋಗಿ ಬನ್ನಿ.

ತೆಂಗಿನ ತುರಿ ಇಂಡಿಯನ್ ಅಥವಾ ಶ್ರೀಲಂಕಾ ತಮಿಳರ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆ. ಕೇಕಿಗೆ ಹಾಕುವ ಒಣ ತುರಿ ತಂದು ಚಟ್ನಿ ಮಾಡಿದರೆ ಮರದ ಪುಡಿ ತಿಂದ ಹಾಗಿರುತ್ತದೆ. ಹಸಿಮೆಣಸಿನಕಾಯಿ ಹುಷಾರು. ಅಲ್ಲಿನ ಏಷ್ಯನ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು ಬೆರಳಿನ ತುದಿಯಷ್ಟಿರುವ ಥಾಯ್ ಮೆಣಸು. ನಮ್ಮದು ಆರು ಹಾಕುವಲ್ಲಿ ಅದು ಎರಡು ಸಾಕು.

ತರಿ ಮುಗಿದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಮಾಮೂಲಿ ಬಿಳಿ ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆ ಮೇಲೆ ಒಂದೆರಡು ಗಂಟೆ ಹರಡಿ. ಮುಟ್ಟಿದರೆ ಕೈಗೆ ಅಂಟಬಾರದು. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದು ಅಕ್ಕಿ ಮೂರು ನಾಲ್ಕು ಚೂರಾಗಬೇಕು. ಜರಡಿ ಹಿಡಿದು ನುಣ್ಣನೆ ಹಿಟ್ಟನ್ನು ತೆಗೆದುಬಿಡಿ, ಅದು ಉಳಿದರೆ ಕಡುಬು ಅಂಟಾಗುತ್ತದೆ. ಅಂಗಡಿಯ ಇಡ್ಲಿ ರವೆಯಲ್ಲೂ ಮಾಡಬಹುದು. ಆದರೆ ಅದು ಕುಸುಬಲಕ್ಕಿಯದು, ರುಚಿ ಬೇರೆ. ಸುಶಿ ಮಾಡುವ ಗುಂಡು ಅಕ್ಕಿ ಮಾತ್ರ ಬೇಡ. ನಾನು ಒಮ್ಮೆ ಹಾಕಿ ನೋಡಿದೆ, ಕಡುಬು ಹೋಗಿ ಅಂಟು ಮುದ್ದೆ ಆಯಿತು.

ಚಟ್ನಿ ಶನಿವಾರ ಸಂಜೆಯೇ ರುಬ್ಬಿ. ಭಾನುವಾರ ಅಲ್ಲಿ ಇಡೀ ದಿನ ಸದ್ದು ಮಾಡಬಾರದು. ಡ್ರಿಲ್ಲಿಂಗ್, ಗುಡಿಸುವ ಮೆಷಿನ್ ಎಲ್ಲಕ್ಕೂ ಅವತ್ತು ರಜೆ. ನಮ್ಮ ಮಿಕ್ಸಿಯ ಆರ್ಭಟ ಬೆಳಗ್ಗೆ ಏಳಕ್ಕೆ ಕೇಳಿದರೆ ಕೆಳಗಿನ ಮನೆ ಅಜ್ಜಿ ಬಾಗಿಲು ತಟ್ಟುತ್ತಾರೆ. ರಾತ್ರಿ 10ರ ಮೇಲೆಯೂ ಬೇಡ.

ಎಂಟು ಜನಕ್ಕೆ 300 ಗ್ರಾಂ ತೆಂಗಿನ ತುರಿ, ನಾಲ್ಕು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ, ಮೆಣಸಿನಕಾಯಿ, ಬೆರಳ ಗೆಣ್ಣಿನಷ್ಟು ಶುಂಠಿ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು. ಗಟ್ಟಿಯಾಗಿ ರುಬ್ಬಿ ಫ್ರಿಜ್ಜಿಗೆ ಇಡಿ. ಖಾರ ಹಾಕುವ ಮೊದಲು ಕಾಲು ಭಾಗ ಬೇರೆ ತೆಗೆದಿಟ್ಟರೆ ಕರಿಮೆಣಸಿಗೇ ಕಣ್ಣಲ್ಲಿ ನೀರು ತರುವವರಿಗೂ ಆಗುತ್ತದೆ.

ಸಾಗುವಿಗೆ ಆಲೂಗಡ್ಡೆ, ಫ್ರೀಜರಿನ ಬಟಾಣಿ, ಕ್ಯಾರೆಟ್. ಹಾಸನದ ಕಡೆ ನೆಂಟಸ್ತಿಕೆ ಇರುವವರಿಗೆ ಆಲೂಗಡ್ಡೆಯ ಬಗ್ಗೆ ಹೇಳಿಕೊಡಬೇಕಾ? ಒಂದು ಮಾತು ಮಾತ್ರ. ಅಲ್ಲಿನ ಆಲೂಗಡ್ಡೆ ಕಟ್ಟಿನ ಮೇಲೆ ಗಟ್ಟಿಯಾಗಿ ನಿಲ್ಲುವುದೋ ಹಿಟ್ಟಾಗುವುದೋ ಅಂತ ಬರೆದಿರುತ್ತದೆ. ಹಿಟ್ಟಾಗುವುದನ್ನು ತಗೊಳ್ಳಿ, ಸಾಗು ತಾನೇ ಮಂದವಾಗುತ್ತದೆ. ಇದನ್ನೂ ಶನಿವಾರವೇ ಮಾಡಿಟ್ಟರೆ ಮರುದಿನ ರುಚಿ ಜಾಸ್ತಿ.

ಭಾನುವಾರ ಬೆಳಗ್ಗೆ: ಕಡುಬು

7.30ಕ್ಕೆ ಎದ್ದು ಮೊದಲು ಕಾಫಿ ಫಿಲ್ಟರಿಗೆ ನೀರು ಹುಯ್ಯಿರಿ. ಅದು ಇಳಿಯುತ್ತಿರಲಿ.

200 ಮಿಲಿಯ ಲೋಟದಲ್ಲಿ ನಾಲ್ಕು ಲೋಟ ತರಿ, ಎಂಟು ಲೋಟ ನೀರು. ಒಂದಕ್ಕೆ ಎರಡು, ಇದೇ ಮೂಲ ಲೆಕ್ಕ. ಅಕ್ಕಿ ಹಳೆಯದಾದರೆ ಲೋಟಕ್ಕೆ ಕಾಲು ಲೋಟ ನೀರು ಜಾಸ್ತಿ ಕುಡಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ನೀರು, ಉಪ್ಪು, ಎರಡು ಚಮಚ ಎಣ್ಣೆ, ಒಂದು ಹಿಡಿ ತೆಂಗಿನ ತುರಿ ಹಾಕಿ ಕುದಿಸಿ. ನೀರು ಮರಳುವಾಗ ತರಿಯನ್ನು ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಕೈಯಾಡಿಸಿ. ಗಂಟು ಕಟ್ಟಬಾರದು. ನೀರು ಹೀರಿ ಉಪ್ಪಿಟ್ಟಿನ ಹಾಗೆ ಆದಾಗ ಒಲೆ ಸಣ್ಣಗೆ ಮಾಡಿ ಮುಚ್ಚಳ ಮುಚ್ಚಿ ಐದಾರು ನಿಮಿಷ ಬಿಡಿ. ಗಾಜಿನ ಒಲೆ ಆಫ್ ಮಾಡಿದ ಮೇಲೂ ಬಿಸಿ ಇರುತ್ತದೆ, ಪಾತ್ರೆಯನ್ನು ಅದರ ಮೇಲೇ ಬಿಟ್ಟರೆ ತಳ ಹಿಡಿಯುತ್ತದೆ. ಇಳಿಸಿಬಿಡಿ.

ಈಗ ಎಲ್ಲರೂ ತಪ್ಪುವ ಜಾಗ. ಬಿಸಿ ಅಂತ ಹೆದರಿ ಹಿಟ್ಟು ಪೂರ್ತಿ ತಣ್ಣಗಾಗಲು ಬಿಡುತ್ತಾರೆ. ಆಮೇಲೆ ಉಂಡೆ ಕಟ್ಟಿದರೆ ಬಿರುಕು ಬಿಡುತ್ತದೆ, ಬೇಯುವಾಗ ಒಡೆಯುತ್ತದೆ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಕಟ್ಟಬೇಕು. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಳ್ಳಿ. ಕೈ ಅದ್ದಿ, ಹಿಟ್ಟನ್ನು ಒಮ್ಮೆ ಚೆನ್ನಾಗಿ ನಾದಿ, ದೊಡ್ಡ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗಿ ಉಂಡೆ ಮಾಡಿ. "ಅಂಗೈಯಲ್ಲಿ ಒತ್ತು, ಹಿಚುಕಬೇಡ" ಅಂತ ಅಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಅದರ ಅರ್ಥ ಮೂರನೇ ಸಲ ಮಾಡಿದಾಗ ನನ್ನ ಕೈಗೆ ಗೊತ್ತಾಯಿತು. ಉಂಡೆಯ ಮೇಲೆ ಹೆಬ್ಬೆಟ್ಟಿನಿಂದ ಒಂದು ಗುಳಿ ಒತ್ತಿದರೆ ನಡು ಬೇಗ ಬೇಯುತ್ತದೆ. ಬಡಿಸುವಾಗ ತುಪ್ಪ ನಿಲ್ಲಲೂ ಜಾಗ ಆಯಿತು.

ಈ ಅಳತೆಗೆ 26ರಿಂದ 28 ಕಡುಬು ಆಗುತ್ತವೆ. ತಲೆಗೆ ಮೂರು, ಉಳಿದದ್ದು ನಾಳೆಗೆ.

ಆವಿ ಚೆನ್ನಾಗಿ ಬಂದ ಮೇಲೆಯೇ ಕಡುಬು ಒಳಗಿಡಿ. 15ರಿಂದ 20 ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಮೇಲೆ ಸಣ್ಣ ಹೊಳಪು ಬಂದಿರಬೇಕು. ಎರಡು ಸಲ ಬೇಯಿಸಬೇಕಾಗುತ್ತದೆ. ಮೊದಲಿನದನ್ನು ಹಾಟ್‌ಬಾಕ್ಸಿಗೆ ಹಾಕಿ ಮೇಲೊಂದು ಬಟ್ಟೆ ಮುಚ್ಚಿ. ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲಿನವು ಮೆತ್ತಗಾಗುತ್ತವೆ. ಮ್ಯೂನಿಕ್ ನೀರು ಗಡಸು, ಪಾತ್ರೆ ತಳದಲ್ಲಿ ಸುಣ್ಣದ ಬಿಳಿ ಕಟ್ಟುತ್ತದೆ. ಆವಿ ನೀರಿಗೆ ನಿಂಬೆ ಹೋಳೊಂದನ್ನು ಹಾಕಿ.

ಒಗ್ಗರಣೆಗೆ ಒಣಮೆಣಸು ಹಾಕುವ ಮೊದಲು ಕಿಟಕಿ ತೆರೆಯಿರಿ, ಮಲಗುವ ಕೋಣೆ ಬಾಗಿಲು ಹಾಕಿ. ಹೊಗೆ ಅಲಾರಂ ಅಲ್ಲೂ ಇರುತ್ತದೆ.

9.45ಕ್ಕೆ ಎಲ್ಲ ಮುಗಿದಿರಬೇಕು. ನಮ್ಮವರ ಹಾಗೆ ಹತ್ತು ಅಂದರೆ ಹತ್ತೂವರೆ ಅಂತ ಅಂದುಕೊಂಡು ಸ್ನಾನಕ್ಕೆ ಹೋಗಬೇಡಿ. ಸರಿಯಾಗಿ ಹತ್ತಕ್ಕೆ ಗಂಟೆ ಬಾರಿಸುತ್ತಾರೆ.

ಬಡಿಸುವುದು

ಅವರ ಭಾನುವಾರದ ತಿಂಡಿ ಬನ್ನು, ಜಾಮ್, ಚೀಸ್. ಹೆಚ್ಚಿನದೆಲ್ಲ ತಣ್ಣಗಿನದು. ಬೆಳಗ್ಗೆಯೇ ಬಿಸಿಬಿಸಿ, ಖಾರದ್ದು ಅವರಿಗೆ ಹೊಸತು. ಉಪನ್ಯಾಸ ಬೇಡ. ಒಂದು ಕಡುಬು ಮುರಿದು, ಗುಳಿಗೆ ತುಪ್ಪ ಬಿಟ್ಟು, ಚಟ್ನಿಗೆ ಒತ್ತಿ ನೀವೇ ಮೊದಲು ಬಾಯಿಗಿಡಿ. ನೋಡಿ ಕಲಿಯುತ್ತಾರೆ. ಚಮಚ, ಫೋರ್ಕ್ ಮೇಜಿನ ಮೇಲಿರಲಿ, ಕೈಯಲ್ಲೇ ತಿನ್ನಿ ಅಂತ ಹಟ ಹಿಡಿಯಬೇಡಿ. ಬವೇರಿಯಾದವರಿಗೆ ಕಡುಬು ಅಷ್ಟೇನೂ ಪರಕೀಯ ಅಲ್ಲ. ಆಲೂಗಡ್ಡೆಯದು, ಹಳೇ ಬ್ರೆಡ್ಡಿನದು ಅಂತ ಅವರಲ್ಲೂ ಉಂಡೆ ಇದೆ, ಕ್ನೋಡೆಲ್ ಅನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬ ಮೊದಲ ತುತ್ತಿಗೇ "ಅಕ್ಕಿ ಕ್ನೋಡೆಲ್!" ಅಂತ ಕೂಗಿದ. ಅವನ ಪಕ್ಕದವಳು ಹಾಗಲ್ಲ, ಇದರಲ್ಲಿ ತೆಂಗಿನಕಾಯಿ ಇದೆ ಅಂತ ವಾದಕ್ಕೆ ಇಳಿದಳು. ನಾನು ಕೂತು ತಿನ್ನುತ್ತಾ ಕೇಳುತ್ತಿದ್ದೆ.

ಮಕ್ಕಳಿದ್ದರೆ ಕಾಯಿ ಹಾಲು ಮಾಡಿ. ಡಬ್ಬಿಯ ತೆಂಗಿನ ಹಾಲಿಗೆ ಬೆಲ್ಲ ಕರಗಿಸಿ ಏಲಕ್ಕಿ ಪುಡಿ ಹಾಕಿದರೆ ಐದು ನಿಮಿಷದ ಕೆಲಸ. ನಮ್ಮಲ್ಲಿ ಒತ್ತು ಶಾವಿಗೆಗೆ ಮಾಡುತ್ತೇವಲ್ಲ, ಅದೇ. ನಿಜ ಹೇಳಬೇಕೆಂದರೆ ಮಕ್ಕಳಿಗಿಂತ ದೊಡ್ಡವರೇ ಅದನ್ನು ಖಾಲಿ ಮಾಡುತ್ತಾರೆ.

ಕಾಫಿ

ಇದನ್ನು ಕೊನೆಗೆ ಕೊಡಿ, ಮೊದಲೇ ಕೊಟ್ಟರೆ ಅದರ ಮಾತೇ ಮುಗಿಯುವುದಿಲ್ಲ.

ಮಧ್ಯಮ ಗಾತ್ರದ ಫಿಲ್ಟರಿಗೆ ಮೂರು ದೊಡ್ಡ ಚಮಚ ಪುಡಿ. ಒತ್ತುವ ಬಿಲ್ಲೆಯನ್ನು ಹಗುರವಾಗಿ ಇಡಿ. ಒತ್ತಿ ತುಂಬಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಕುದಿಯುವ ನೀರನ್ನು ಮೊದಲು ಸ್ವಲ್ಪ ಹುಯ್ದು ಪುಡಿ ನೆನೆಯಲು ಅರ್ಧ ನಿಮಿಷ ಬಿಟ್ಟು, ಆಮೇಲೆ ಮೇಲಿನವರೆಗೆ ತುಂಬಿಸಿ. ಇಪ್ಪತ್ತು ನಿಮಿಷ ಬೇಕು. ಒಂದು ಸಲಕ್ಕೆ ನಾಲ್ಕು ಲೋಟಕ್ಕೆ ಆಗುತ್ತದೆ. ಹಾಗಾಗಿ ಎಂಟು ಜನಕ್ಕೆ ಬೆಳಗ್ಗೆಯೇ ಎರಡು ಸಲ ಇಳಿಸಿಟ್ಟುಕೊಳ್ಳಿ. ಹಾಲು ಶೇ. 3.5 ಕೊಬ್ಬಿನದು, ತೆಳ್ಳನೆಯದು ತಂದರೆ ಕಾಫಿ ನೀರಾಗುತ್ತದೆ. ಡಿಕಾಕ್ಷನ್ ಕುದಿಸಬೇಡಿ, ಹಾಲು ಕುದಿಸಿ ಬೆರೆಸಿ.

ಫಿಲ್ಟರ್ ಕಾಫಿ ಅಂದ ಕೂಡಲೇ ಅವರಿಗೆ ಹೊಳೆಯುವುದು ಕಾಗದದ ಫಿಲ್ಟರ್. ಅದನ್ನು 1908ರಲ್ಲಿ ಡ್ರೆಸ್ಡೆನ್ ಊರಿನ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಕಂಡುಹಿಡಿದು ಪೇಟೆಂಟ್ ಪಡೆದರು. ಇದನ್ನು ಹೇಳಿದರೆ ಮನೆಗೆ ಬಂದವರು ಖುಷಿಪಡುತ್ತಾರೆ. ಆಮೇಲೆ ನಮ್ಮದು ಹೇಳಿ. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ಬೆಟ್ಟದಲ್ಲಿ ಬಿತ್ತಿದರು ಅನ್ನುವ ಪ್ರತೀತಿ, ಆ ಬೆಟ್ಟಕ್ಕೆ ಅವರದೇ ಹೆಸರು, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವುದು. ಫೋನಿನಲ್ಲಿ ಬೆಟ್ಟದ ಫೋಟೊ ಒಂದಿರಲಿ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಬಿಟ್ಟಾಗ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಎಲ್ಲರೂ ಕಾಫಿ ಕುಡಿಯುವವರೇ. ಗಿಡ ಬಿಳಿ ಹೂ ಬಿಡುತ್ತದೆ ಅನ್ನುವುದು ನನ್ನ ಮೇಜಿಗೆ ಬಂದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಉಳಿದ ಕಡುಬು

ಹೊರಡುವಾಗ ಯಾರಾದರೂ ಡಬ್ಬಿ ಕೇಳಿದರೆ ಎರಡೆರಡು ಹಾಕಿ ಕೊಡಿ. ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಮೈಕ್ರೋವೇವ್‌ನಲ್ಲಿ ಒದ್ದೆ ಕಾಗದ ಮುಚ್ಚಿ ಒಂದು ನಿಮಿಷ ಬಿಸಿ ಮಾಡಲು ಹೇಳಿ. ಹಾಗೇ ಇಟ್ಟರೆ ಕಲ್ಲಾಗುತ್ತದೆ.

ನಿಮ್ಮ ಪಾಲಿನದಕ್ಕೆ ಸೋಮವಾರ ಒಗ್ಗರಣೆ. ಫ್ರಿಜ್ಜಿನಿಂದ ತೆಗೆದ ಗಟ್ಟಿ ಕಡುಬನ್ನು ಕೈಯಲ್ಲಿ ಒರಟಾಗಿ ಪುಡಿ ಮಾಡಿ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಜಾಸ್ತಿ ಈರುಳ್ಳಿ, ಒಣಮೆಣಸು. ಚಿಟಿಕೆ ಅರಿಸಿನ, ಮೇಲೆ ನಿಂಬೆರಸ. ಇಲ್ಲವೇ ಬಿಲ್ಲೆಯಾಗಿ ಕೊಯ್ದು ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸಿ ಚಟ್ನಿಪುಡಿ ಉದುರಿಸಿ. ನನ್ನ ಕೇಳಿದರೆ ಭಾನುವಾರದ ಕಡುಬಿಗಿಂತ ಇದೇ ಒಂದು ಗುಲಗಂಜಿ ಮೇಲು. ಆ ಎರಡು ಮೂರು ಕಡುಬನ್ನು ಹಾಟ್‌ಬಾಕ್ಸಿನ ತಳದಲ್ಲಿ ಉಳಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಅಕ್ಕನ ಮಗಳಿಗೆ ಬೇರೆಯಾಗಿ ಹೇಳಿಕೊಟ್ಟಿದ್ದೇನೆ.